ಶಿವಗಂಗಮ್ಮನ ಬೈಪಾಡ್

ಶೂಟಿಂಗ್ ಕ್ಲಬ್ಬಿನ ಚಾಪೆಯ ಮೇಲೆ ಬೋರಲು ಮಲಗಿದ್ದ ಶಿವಗಂಗಮ್ಮ, ಗುಂಡು ತುಂಬದ ರೈಫಲ್ಲನ್ನು ಗುರಿಯ ಕಪ್ಪು ಚುಕ್ಕೆಗೆ ಹೊಂದಿಸಿ ಕಣ್ಣು ಮುಚ್ಚಿದರು. ಮೂರು ಉಸಿರು ಬಿಟ್ಟು ಕಣ್ಣು ತೆರೆದಾಗ ರೈಫಲ್ಲಿನ ಮೇಲಿನ ದುರ್ಬೀನಿನ ಗೆರೆ ಚುಕ್ಕೆಯಿಂದ ಎಡಕ್ಕೆ ಜಾರಿತ್ತು. ಮೂವತ್ತು ವರ್ಷ ದಿನಾ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಅಲುಗದಂತೆ ಹಿಡಿದು ಕೂತವರು ಅವರು. ತಪ್ಪು ತಮ್ಮ ಕೈಯದಲ್ಲ, ನಳಿಕೆ ಹೊತ್ತು ನಿಂತ ಬೈಪಾಡಿನ ಎರಡು ಕಾಲುಗಳದು ಎಂದು ಇನ್ನೊಮ್ಮೆ ಖಚಿತವಾಯಿತು.

"ಈ ಬೈಪಾಡ್ ಬೇಡ ಸಾರ್."

"ಏನ್ ಮೇಡಂ, ಕ್ಲಬ್ಬಲ್ಲಿ ಎಲ್ರೂ ಹಾಕಿರೋದು ಇದೇ. ನಂದೂ ಇದೇ," ಎಂದ ಕೋಚ್ ಚನ್ನವೀರೇಶ್. "ಭಾನುವಾರ ಸ್ಟೇಟ್ ಸೆಲೆಕ್ಷನ್ ಇಟ್ಕೊಂಡು ಈಗ ಬದಲಾಯಿಸ್ತೀರಾ?"

ಶಿವಗಂಗಮ್ಮ ಅದನ್ನು ಬಿಚ್ಚಿ ಪಕ್ಕಕ್ಕಿಟ್ಟರು. ತಾವೇ ಕೊಂಡು ತಂದಿದ್ದ, ಅಗಲ ಪಾದದ ಒಡ್ಡೊಡ್ಡಾದ ಬೈಪಾಡನ್ನು ಸಿಕ್ಕಿಸಿ ಮತ್ತೆ ಮಲಗಿ ಕಣ್ಣು ಮುಚ್ಚಿದರು. ತೆರೆದಾಗ ಗೆರೆ ಬಿಟ್ಟಲ್ಲೇ ಇತ್ತು. ಎದ್ದು ಕೂತು, ಪಕ್ಕದಲ್ಲಿದ್ದ ಅವನ ರೈಫಲ್ಲಿನತ್ತ ಕೈ ತೋರಿಸಿದರು.

"ನಿಮ್ದರಲ್ಲೂ ಒಂದ್ಸಲ ನೋಡಿ ಸಾರ್. ಸುಮ್ನೆ ಕಣ್ಣು ಮುಚ್ಚಿ ತೆಗೀರಿ, ಅಷ್ಟೇ."

ಚನ್ನವೀರೇಶ್ ನಗುತ್ತಲೇ ಮಲಗಿದ. ಮೂರು ಉಸಿರಾಯಿತು. ಕಣ್ಣು ತೆರೆದವನು ನಗಲಿಲ್ಲ. ಮೈ ಸರಿಪಡಿಸಿಕೊಂಡು ಇನ್ನೊಮ್ಮೆ ನೋಡಿದ, ಮತ್ತೊಮ್ಮೆ ನೋಡಿದ. ಕೊನೆಗೆ ತಲೆಯೆತ್ತದೆಯೇ ಹಿಂದಕ್ಕೆ ಕೈ ಚಾಚಿದ.

"ಮೇಡಂ, ಅದನ್ನ ಸ್ವಲ್ಪ ಕೊಡಿ."

ಶಿವಗಂಗಮ್ಮ ತಮ್ಮ ಬೈಪಾಡಿನ ತಿರುಪನ್ನು ಇನ್ನೊಂದು ಸುತ್ತು ಬಿಗಿ ಮಾಡಿದರು.

"ಇದು ನಂದು ಸಾರ್. ರಾಜಾಜಿನಗರದ ಅಂಗಡೀಲಿ ಇನ್ನೊಂದಿದೆ. ನಿಮ್ಮ ಹೆಸರಲ್ಲಿ ಎತ್ತಿಡೋಕೆ ನಿನ್ನೇನೇ ಹೇಳಿ ಬಂದಿದೀನಿ."