ರಷ್ಯಾದ ಹೂಕುಂಡಗಳು

“ರಷ್ಯಾ ಹೆದರಿಸ್ತಾ ಇಲ್ಲ ವಿಮಲಾ, ಹೆದರಿಕೊಂಡಿದೆ” ಎಂದು ಅನಂತರಾಮು ಬೆರಳೆತ್ತುವಷ್ಟರಲ್ಲಿ ಅವರ ಹೆಂಡತಿ ಒಗ್ಗರಣೆಯ ನೆಪ ಹೇಳಿ ಒಳಗೆ ಹೋಗಿಬಿಟ್ಟರು. ಪಾಪ, ಬೆಳಗಿನಿಂದ ಇದು ನಾಲ್ಕನೇ ಸಲ. ಹನ್ನೊಂದು ಗಂಟೆಗೆ ಬನಶಂಕರಿಯ ಹಿರಿಯರ ವೇದಿಕೆಯಲ್ಲಿ ‘ರಷ್ಯಾ ಜಗತ್ತನ್ನು ನೋಡುವ ಬಗೆ’ ಎಂಬ ಉಪನ್ಯಾಸ. ಮೂವತ್ತೆರಡು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದ ಮೇಷ್ಟ್ರಿಗೆ ಇದು ಮರ್ಯಾದೆಯ ಪ್ರಶ್ನೆ. ಕಳೆದ ಸಲ ಜಪಾನಿನ ಮೇಲೆ ಮಾತಾಡಿದಾಗ ಏಳು ಜನ ನಿದ್ದೆ ಹೋಗಿದ್ದರು. ಒಬ್ಬರಂತೂ ಗೊರಕೆಯನ್ನೇ ಹೊಡೆದಿದ್ದರು. “ಸಾರ್, ಈ ಸಲ ಜನಕ್ಕೆ ಅರ್ಥ ಆಗೋ ಉದಾಹರಣೆ ಕೊಡಿ. ಇಲ್ದಿದ್ರೆ ಮುಂದಿನ ತಿಂಗಳಿಂದ ನಿಮ್ಮ ಟೈಮು ಹಾಸ್ಯಯೋಗದವ್ರಿಗೆ ಹೋಗುತ್ತೆ” ಎಂದು ಕಾರ್ಯದರ್ಶಿ ಬಸವಪ್ರಸಾದ್ ಮೆತ್ತಗೆ ಬಿಸಿ ಮುಟ್ಟಿಸಿದ್ದರು. ಆ ಉದಾಹರಣೆ ಒಂದು ಬಿಟ್ಟು ಮಿಕ್ಕೆಲ್ಲ ಅನಂತರಾಮು ಹತ್ತಿರ ಇತ್ತು.

ಅಷ್ಟರಲ್ಲಿ ಗೇಟು ಸದ್ದಾಯಿತು. ಬಾಗಲಕೋಟೆ ಕಡೆಯಿಂದ ಬಂದು ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಶಂಕ್ರವ್ವ.

“ಸರ, ಒಂದ್ ಮಾತ್ ಕೇಳೂದಿತ್ರಿ. ನಮ್ಮ ಮನಿಯವ್ರ ಮೊಣಕಾಲ ಆಪರೇಷನ್ ಆಗೇತಿ, ದಿನಾ ಫಿಜಿಯೋಥೆರಪಿಗೆ ಹೋಗಬೇಕು. ನಮ್ಮ ಗೇಟ್ ಮುಂದ ನಿಮ್ಮ ಎರಡ ಕುಂಡ ಅದಾವು, ಆಟೋ ನಿಂದರಾಕ ಜಾಗಾನ ಇಲ್ಲ. ಮೂಲಿ ತನಕ ಕುಂಟಕೋತ ಹೋಗತಾರ.”

ಮಾತು ನಿಜ. ಯಾರೂ ಕಾರು ನಿಲ್ಲಿಸದಿರಲಿ ಎಂದು ಅನಂತರಾಮು ಮೊದಲು ತಮ್ಮ ಗೇಟಿನ ಮುಂದೆ ಎರಡು ಸಿಮೆಂಟು ಕುಂಡ ಇಟ್ಟಿದ್ದರು. ಆಮೇಲೆ, ಪಕ್ಕದ ಗೇಟಿನ ಮುಂದೆ ನಿಲ್ಲಿಸಿದವರ ಕಾರು ಇತ್ತ ಮೂತಿ ಚಾಚಿದರೆ ಎಂಬ ಅಂಜಿಕೆಗೆ ಅಲ್ಲಿಯೂ ಎರಡು. ನಮ್ಮ ಬೀದಿಗಳಲ್ಲಿ ಇದನ್ನು ಒತ್ತುವರಿ ಎನ್ನುವ ಪದ್ಧತಿಯಿಲ್ಲ, ಗಿಡದ ಪ್ರೀತಿ ಎನ್ನುತ್ತಾರೆ.

“ಅದು ನಿಮ್ಮ ವಿರುದ್ಧ ಅಲ್ಲಮ್ಮ, ಬರೀ ಸೇಫ್ಟಿಗೆ. ಬಂದಿದ್ದೂ ಒಳ್ಳೇದಾಯ್ತು, ಎರಡು ನಿಮಿಷ ಕೂತ್ಕೊಳ್ಳಿ” ಎಂದು ಅನಂತರಾಮು ಕುರ್ಚಿ ಎಳೆದು ಐದನೇ ಸಲ ಶುರುಮಾಡಿಯೇಬಿಟ್ಟರು. ರಷ್ಯಾ ಎಂದರೆ ಬಟಾಬಯಲು. ಫ್ರಾನ್ಸಿನವರು ನುಗ್ಗಿದರು, ಜರ್ಮನಿಯವರು ನುಗ್ಗಿದರು. ಹಾಗಾಗಿ ತನ್ನ ಗಡಿ ಗಟ್ಟಿಯಿದ್ದರೆ ಅದಕ್ಕೆ ಸಾಲದು, ಗಡಿಯಾಚೆಯ ದೇಶವೂ ತನ್ನ ಮಾತು ಕೇಳಿಕೊಂಡಿರಬೇಕು. ಶಂಕ್ರವ್ವ ಗಲ್ಲಕ್ಕೆ ಕೈ ಕೊಟ್ಟು ಶ್ರದ್ಧೆಯಿಂದ ಕೇಳಿದರು.

“ಹಂಗಂದ್ರ ರಷ್ಯಾನೂ ನಿಮ್ಹಂಗ ಬ್ಯಾರೇದವ್ರ ಮನಿ ಮುಂದ ಕುಂಡ ಇಡತೈತೇನ್ರಿ?”

ಬೇರೆ ಯಾರಾದರೂ ಆಗಿದ್ದರೆ ನಾಚಿ ನೀರಾಗುತ್ತಿದ್ದರು. ಅನಂತರಾಮುಗೆ ಮಾತ್ರ ಸ್ವರ್ಗಕ್ಕೆ ಮೂರೇ ಗೇಣು. “ಸಿಕ್ತು ವಿಮಲಾ, ಉದಾಹರಣೆ ಸಿಕ್ತು” ಎನ್ನುತ್ತ ಟಿಪ್ಪಣಿಯ ಹಾಳೆಗಳನ್ನೆಲ್ಲ ಮೇಜಿನ ಮೇಲೆಯೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡರು. “ನೀವೂ ಬನ್ನಿಯಮ್ಮ, ಈ ಭಾಷಣ ನಿಮ್ದೇ” ಎಂದು ವಿಮಲಾ ಜೊತೆಗೆ ಶಂಕ್ರವ್ವನನ್ನೂ ಕಾರು ಹತ್ತಿಸಿದರು. ಆಕೆ ಬಂದ ಕೆಲಸ ಏನಾಯಿತು ಎಂಬುದು ಮಾತ್ರ ಅವರ ತಲೆಗೆ ಹೋಗಲೇ ಇಲ್ಲ.

ಆಮೇಲಿನ ಮುಕ್ಕಾಲು ಗಂಟೆ ವೇದಿಕೆಯ ಸಭಾಂಗಣ ಕಂಡು ಕೇಳರಿಯದ್ದು. ಕುಂಡ ಎಂದರೆ ಸಾಕು, ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು; ಅವರಲ್ಲಿ ಮುಕ್ಕಾಲು ಪಾಲು ಮಂದಿಯ ಮನೆ ಮುಂದೆಯೂ ಕುಂಡಗಳಿದ್ದವಲ್ಲ. “ನನ್ನ ಕುಂಡ ರಕ್ಷಣೆಗೆ, ನಿನ್ನ ಕುಂಡ ಆಕ್ರಮಣಕ್ಕೆ. ದೊಡ್ಡ ದೇಶ ಜಗತ್ತನ್ನ ನೋಡೋದೇ ಹೀಗೆ” ಎಂದರು ಅನಂತರಾಮು.

“ಅಮೆರಿಕ ಏನ್ಮಾಡುತ್ತೆ ಸಾರ್?” ಎಂದು ಯಾರೋ ಕೂಗಿದರು.

“ಅದು ಆಚೆ ಬೀದಿಯಿಂದ ಬಂದು ಪಕ್ಕದ ಮನೆಯವ್ರಿಗೆ ಹೇಳುತ್ತೆ, ಹೆದರ್ಬೇಡಿ, ನೀವೂ ಇಡಿ, ಕುಂಡ ನಾನ್ ಕಳಿಸ್ತೀನಿ ಅಂತ.”

“ಚೀನಾ?”

“ಚೀನಾ ಹಳೇ ಕಾಗದ ತೆಗೆದು, ರೋಡೇ ನಮ್ಮ ತಾತನದು ಅನ್ನುತ್ತೆ.”

ಹೋದ ಸಲ ಗೊರಕೆ ಹೊಡೆದಿದ್ದ ಪಿಳ್ಳಣ್ಣನವರು ನಗುನಗುತ್ತ ಕಣ್ಣೊರೆಸಿಕೊಂಡರು. ಬಸವಪ್ರಸಾದ್ ಮೈಕು ಕಸಿದುಕೊಂಡು, ಮುಂದಿನ ತಿಂಗಳೂ ಸಾರ್ ಅವರದೇ ಎಂದು ಘೋಷಿಸಿದರು. ಅನಂತರಾಮು ನೆಲದ ಮೇಲೆ ನಿಂತಿರಲಿಲ್ಲ. ಇಷ್ಟು ಖುಷಿ ಅವರಿಗೆ ಡಾಕ್ಟರೇಟ್ ಬಂದ ದಿನವೂ ಆಗಿರಲಿಲ್ಲ. “ಇನ್ನೇನಾದ್ರೂ ಪ್ರಶ್ನೆ ಇದ್ರೆ ಧಾರಾಳವಾಗಿ ಕೇಳಿ” ಎಂದರು.

ಹಿಂದಿನ ಸಾಲಿನಲ್ಲಿ ಶಂಕ್ರವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

“ಭಾಳ ಛಲೋ ಹೇಳಿದ್ರಿ ಸರ, ನನಗೂ ಪೂರಾ ತಿಳೀತು. ರಷ್ಯಾದ್ದು ರಷ್ಯಾ ನೋಡ್ಕೋತೈತಿ. ನಮ್ಮ ಗೇಟ್ ಮುಂದಿನ್ವು ಯಾವಾಗ ತಗೀತೀರಿ? ಮಧ್ಯಾಹ್ನ ಮೂರಕ್ಕ ನಮ್ಮ ಮನಿಯವ್ರು ಆಟೋ ಹತ್ತಬೇಕು.”

ನೂರು ತಲೆ ಹಿಂದಕ್ಕೆ ತಿರುಗಿದವು, ಮತ್ತೆ ಮುಂದಕ್ಕೆ ತಿರುಗಿದವು. ಮೊದಲ ಸಾಲಿನಲ್ಲಿದ್ದ ವಿಮಲಾ, ಈಗ ಹೇಳಿ ನೋಡೋಣ ಎಂಬಂತೆ ಗಂಡನನ್ನೇ ನೋಡುತ್ತಿದ್ದರು. ಇವತ್ತೇ ತೆಗೀತೀನಿ ಎಂಬ ಮಾತು ಅನಂತರಾಮು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕುಂಡ ತೆಗೆದ ಮರುಕ್ಷಣವೇ ಯಾವನೋ ಬಂದು ಕಾರು ನಿಲ್ಲಿಸಿಬಿಟ್ಟರೆ? ಹಳೆಯ ಭಯ ಮತ್ತೆ ತಲೆಯೆತ್ತಿತು. ಒಂದು ಗುಟುಕು ನೀರು ಕುಡಿದು, ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು.

“ಅದು... ನಾವು ಪರಿಸ್ಥಿತಿಯನ್ನು ಬಹಳ ಸೂಕ್ಷ್ಮವಾಗಿ ಗಮನಿಸುತ್ತಿದ್ದೇವೆ.”

“ಗಮನಸೂದು ಸಾಕ್ರಿ ಸರ” ಎಂದರು ಶಂಕ್ರವ್ವ. “ಎತ್ರಿ.”