ಕಡಗದ ಬಿಗಿ

ಅವನಿಗೆ ಲೋಹಗಳ ಪ್ರಯೋಗಾಲಯದಲ್ಲಿ ಕೆಲಸ. ಮದುವೆಯಾದ ವರ್ಷ ಸತುವಿಗೆ ಅಲ್ಯೂಮಿನಿಯಂ ಬೆರೆಸಿ ತಾನೇ ಒಂದು ಕಡಗ ಮಾಡಿದ. ತುದಿಗಳ ನಡುವೆ ಬೆರಳಿನಷ್ಟು ಸಂದು ಬಿಟ್ಟು ಹೆಂಡತಿಯ ಕೈಗೆ ತೊಡಿಸಿದ.

"ಈ ಲೋಹದೊಳಗಿನ ಹರಳುಗಳು ಮೈದಾಹಿಟ್ಟಿಗಿಂತ ಸಣ್ಣ ಕಣೇ. ಅವಸರ ಮಾಡಿದರೆ ಮುರಿಯುತ್ತೆ. ನಿಧಾನವಾಗಿ ಒತ್ತುತ್ತಾ ಹೋದರೆ, ಕಾಯಿಸೋದೂ ಬೇಡ, ಹೇಳಿದ ಹಾಗೆ ಬಾಗುತ್ತೆ."

"ನನ್ನ ಹಾಗೇ ಅನ್ನಿ," ಎಂದು ಅವಳು ನಕ್ಕಿದ್ದಳು.

ಈ ವರ್ಷ ಕಾಯಿಲೆ ಅವಳನ್ನು ಹಿಂಡಿಹಾಕಿತು. ಕೈ ಎತ್ತಿದರೆ ಕಡಗ ಮೊಣಕೈವರೆಗೂ ಜಾರುತ್ತಿತ್ತು. ಅದನ್ನು ಕಂಡ ದಿನ ಅವನು ಎರಡು ತುತ್ತಿಗೇ ಊಟ ಬಿಟ್ಟ. ತಟ್ಟೆ ಸರಿಸಿ ಎದ್ದುಹೋದದ್ದನ್ನು ಅವಳು ಮಲಗಿದಲ್ಲಿಂದಲೇ ನೋಡಿದಳು.

ದೀಪಾವಳಿ ಹೊತ್ತಿಗೆ ಕಡಗ ಜಾರುವುದು ನಿಂತಿತು.

"ಮೈಕೈ ತುಂಬ್ಕೊಳ್ತಾ ಇದ್ದೀಯ ಕಣೇ! ಕಡಗ ನೋಡು, ಎಷ್ಟು ಬಿಗಿಯಾಗಿದೆ!"

"ಹೂಂ ರೀ, ಊಟ ಸೇರ್ತಿದೆ. ನೀವೂ ಹೊಟ್ಟೆತುಂಬ ಉಣ್ಣಿ."

"ಹೆಬ್ಬೆರಳಿಗೇನಾಯ್ತು, ಕೆಂಪಾಗಿದೆ?"

"ಮಂಚದ ಅಂಚು ಒತ್ತಿರಬೇಕು."

ಅಂದು ಅವನು ತಟ್ಟೆ ತುಂಬ ಬಡಿಸಿಕೊಂಡು ಉಂಡ. ಅಕ್ಕನಿಗೆ ಫೋನ್ ಮಾಡಿ, "ಗಂಡಾಂತರ ಕಳೀತು ಕಣಕ್ಕಾ," ಅಂದ. ಕೋಣೆಗೆ ಬಂದಾಗ ಅವಳಿಗೆ ನಿದ್ದೆ ಹತ್ತಿತ್ತು. ಹೊರಗೆ ಚಾಚಿದ್ದ ಕೈಯನ್ನು ಹೊದಿಕೆಯೊಳಗೆ ಇಡಲೆಂದು ಮೆಲ್ಲಗೆ ತಿರುಗಿಸಿದ.

ಬೆರಳಿನಷ್ಟು ಸಂದು ಇದ್ದ ಜಾಗದಲ್ಲಿ, ಕಡಗದ ಒಂದು ತುದಿ ಇನ್ನೊಂದರ ಮೇಲೆ ಹತ್ತಿ ಕೂತಿತ್ತು.