ಪವರ್ ನಾಬ್ ತಿರುಗಿಸಿದ ಪ್ರೊಫೆಸರ್

ಅವರು ಬಹಳ ದೊಡ್ಡ ಪ್ರೊಫೆಸರ್... ಎಷ್ಟು ದೊಡ್ಡವರೆಂದರೆ, ಬಗ್ಗಿ ಮೈಕ್ರೋಸ್ಕೋಪ್ ನೋಡಿ ವರ್ಷಗಳೇ ಆಗಿದ್ದವು!

ಹೆಸರು ಡಾ. ಜಂಬುನಾಥ್. ಕೆಲಸ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನು ಲೇಸರ್ ಬೆಳಕಿನಿಂದ ಹಿಡಿದು ನಿಲ್ಲಿಸುವುದು. ಹವ್ಯಾಸ, ಮನುಷ್ಯರನ್ನು ಕಡೆಗಣಿಸುವುದು.

"ಲೆನ್ಸ್ ಒರೆಸೋಕೂ ಲಾಯಕ್ಕಿಲ್ಲ ನೀನು..." ಎಂದು ರಿಸರ್ಚ್ ವಿದ್ಯಾರ್ಥಿನಿ ಮಹಾನಂದಾಗೆ ದಿನಾ ಮಂಗಳಾರತಿ.

ಅಂದು ಫೆಲೋಶಿಪ್ ಹಣ ಮುಂದುವರಿಸಬೇಕೇ ಎಂದು ನೋಡಲು ಲ್ಯಾಬಿಗೆ ಕಮಿಟಿ ಬಂದಿತ್ತು. ಡೆಮೊ ಕೈಕೊಟ್ಟರೆ ಅವಳ ಫೆಲೋಶಿಪ್ ಅಲ್ಲಿಗೇ ಬಂದ್...

ಮಹಾನಂದಾ ಫ್ಯಾನ್ ಆಫ್ ಮಾಡಿ, ಉಸಿರು ಬಿಗಿಹಿಡಿದು ಲೆನ್ಸ್ ಸರಿಪಡಿಸಿದಳು.

ಪರದೆಯ ಮೇಲೆ ತೇಲುತ್ತಿದ್ದ ಒಂದು ಕೆಂಪು ರಕ್ತಕಣ ಮೆಲ್ಲಗೆ ಬಂದು ಲೇಸರ್ ಬಿಂದುವಿನಲ್ಲಿ ನಿಂತಿತು. ಯಾರೂ ಮುಟ್ಟಿಲ್ಲ, ಕಟ್ಟಿಲ್ಲ... ಬರೀ ಬೆಳಕು ಹಿಡಿದುಕೊಂಡಿತ್ತು!

ಆದರೆ ಕಣ ಸ್ವಲ್ಪ ನಡುಗುತ್ತಿತ್ತು. ದ್ರವದಲ್ಲಿ ತೇಲುವ ಕಣ ನಡುಗುವುದು ಸಹಜವೇ. ಆದರೂ ಸಾಹೇಬರಿಗೆ ಅವಮಾನವಾಯಿತು. ಕಮಿಟಿ ಮುಂದೆ ತಮ್ಮ ಲ್ಯಾಬಿನ ಕಣ ನಡುಗುವುದೇ?

"ಪವರ್ ಜಾಸ್ತಿ ಮಾಡು!"

"ಬ್ಯಾಡ್ರಿ ಸರ್... ಸುಟ್ಟು ಹೋಗತೈತ್ರಿ."

"ನನಗೇ ಪಾಠ ಹೇಳ್ತೀಯಾ? ಸರಿ ಆಚೆ!"

ಅವಳನ್ನು ಪಕ್ಕಕ್ಕೆ ತಳ್ಳಿ ತಾವೇ ಲೇಸರ್‌ನ ಪವರ್ ನಾಬ್ ತಿರುಗಿಸಿದರು.

ಕಣ ಮುದುಡಿತು... ಒಡೆಯಿತು... ಪರದೆ ಖಾಲಿ.

"ನೋಡಿ, ಇಂಥವರನ್ನ ಕಟ್ಕೊಂಡು ಏಗಬೇಕು!" ಎಂದು ತಪ್ಪನ್ನು ಅವಳ ತಲೆಗೇ ಕಟ್ಟಿದರು. ನಾಚಿಕೆ ಎಂಬುದು ಅವರ ಸಿಲಬಸ್‌ನಲ್ಲೇ ಇರಲಿಲ್ಲ ಬಿಡಿ.

ಕಮಿಟಿಯ ಹಿರಿಯ ಮೇಡಂ ಮಾತ್ರ, "ಇನ್ನೊಂದ್ಸಲ ತೋರಿಸಮ್ಮ" ಎಂದರು.

ಮಹಾನಂದಾ ಹೊಸ ಸೂಜಿ ತೆಗೆದು ತನ್ನ ಬೆರಳಿಗೆ ಚುಚ್ಚಿಕೊಳ್ಳಲು ಹೋದಳು. ಬೆರಳ ತುದಿಗಳ ತುಂಬಾ ಚುಚ್ಚಿದ ಗಾಯಗಳು... ಪ್ರೊಫೆಸರ್ ಆ ಕೈ ನೋಡಿದ್ದು ಅವತ್ತೇ ಮೊದಲು.

"ಏನಿದು?"

"ರಕ್ತ ತಾಜಾ ಬೇಕಲ್ರಿ ಸರ್... ದಿನಾ ನಂದೇ ತಗೋತೀನ್ರಿ."

ಅವರು ಸುಟ್ಟಿದ್ದು ಅವಳ ರಕ್ತವನ್ನು! ಅವರು ಎದೆಯುಬ್ಬಿಸಿ ತೋರಿಸುತ್ತಿದ್ದ ರಿಸರ್ಚ್ ಪೇಪರುಗಳಿಗೆಲ್ಲ ರಕ್ತ ಕೊಟ್ಟಿದ್ದು ಇದೇ ಬೆರಳುಗಳು...

ಆ ದೊಡ್ಡ ಪ್ರೊಫೆಸರ್ ಬಗ್ಗಿ ಆ ಬೆರಳುಗಳನ್ನೇ ನೋಡಿದರು. ಕಣ್ಣು ತುಂಬಿತು.

ಕೊನೆಗೆ ತಮ್ಮ ಕೈ ಚಾಚಿದರು. "ಈ ಸಲ... ನನ್ನದು ತಗೋಮ್ಮ."

ಸೂಜಿ ತಾಗಿದ ಕೂಡಲೇ "ಅಯ್ಯೋ!" ಎಂದು ಕೂಗಿದರು. ಒಂದೇ ಹನಿಗೆ!

ಮಹಾನಂದಾ ಪವರ್ ಮೊದಲಿನಷ್ಟಕ್ಕೇ ಇಳಿಸಿದಳು. ಜಂಬುನಾಥರ ಕಣ ಪರದೆಗೆ ಬಂತು, ಬೆಳಕಿನಲ್ಲಿ ನಿಂತಿತು... ಅದೂ ನಡುಗುತ್ತಿತ್ತು!

ಕಮಿಟಿ ತಲೆದೂಗಿತು. ಫೆಲೋಶಿಪ್ ಉಳಿಯಿತು.

ಅವಳ ಕೈ ಇನ್ನೂ ನಾಬ್ ಮೇಲೇ ಇತ್ತು... ಒಮ್ಮೆ ತಿರುಗಿಸಿದ್ದರೆ ಅವರ ಕಣವೂ ಸುಟ್ಟುಹೋಗುತ್ತಿತ್ತು. ಅವಳು ತಿರುಗಿಸಲಿಲ್ಲ.

ಹಿಡಿದು ನಿಲ್ಲಿಸುವುದಕ್ಕೆ ಬುದ್ಧಿ ಬೇಕು... ಸುಟ್ಟು ಹಾಕುವುದಕ್ಕೆ ಅಧಿಕಾರವೊಂದಿದ್ದರೆ ಸಾಕು.

ನಿಮ್ಮ ಕೈಯಲ್ಲೂ ಒಂದು ನಾಬ್ ಇದೆಯಲ್ಲ... ಅದರ ಎದುರು ಯಾರು ನಡುಗುತ್ತಿದ್ದಾರೆ ಅಂತ ಒಮ್ಮೆಯಾದರೂ ಬಗ್ಗಿ ನೋಡಿದ್ದೀರಾ?